ಬ್ಯಾಕಪ್ ತಂತ್ರಾಂಶದ ಲೈಸೆನ್ಸ್: ಯಾವ ಭಾಗಕ್ಕೆ ಹಣ, ಯಾವ ಅಳತೆಗೆ ಹಣ?

ಪೀಣ್ಯದ ಸದಸ್ಯರು:

ಮಾನ್ಯ ಸದಸ್ಯರಿಗೆ ನಮಸ್ಕಾರಗಳು. ಪೀಣ್ಯ ಎರಡನೇ ಹಂತದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ಸರ್ವರ್, ನೆಟ್‌ವರ್ಕ್ ಮತ್ತು ಬ್ಯಾಕಪ್ ನೋಡಿಕೊಳ್ಳುವ ಹೊಣೆ ನನ್ನದು. ಈಗ ಬಳಕೆಯಲ್ಲಿರುವ ಬ್ಯಾಕಪ್ ತಂತ್ರಾಂಶವನ್ನು ಹಲವು ವರ್ಷಗಳ ಹಿಂದೆ ಶಾಶ್ವತ ಲೈಸೆನ್ಸ್ ಮೇಲೆ ಕೊಂಡು, ಪ್ರತಿ ವರ್ಷ ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದದ ಶುಲ್ಕ) ಕಟ್ಟುತ್ತ ಬಂದಿದ್ದೇವೆ. ಈ ಬಾರಿ ರಿನ್ಯೂವಲ್ ಕೇಳಿದಾಗ, ಶಾಶ್ವತ ಲೈಸೆನ್ಸ್ ಪದ್ಧತಿ ಮುಗಿದಿದೆ, ಇನ್ನು ಮುಂದೆ ವಾರ್ಷಿಕ ಚಂದಾ ಮಾತ್ರ ಎಂಬ ಉತ್ತರ ಬಂದಿತು. ಆದ್ದರಿಂದ ಬೇರೆ ಇಬ್ಬರು ಮಾರಾಟಗಾರರಿಂದಲೂ ಕೊಟೇಶನ್ ತರಿಸಿದೆವು.

ಒಂದು ಕೊಟೇಶನ್ ಟೆರಾಬೈಟ್ ಲೆಕ್ಕದಲ್ಲಿದೆ, ಇನ್ನೊಂದು ವರ್ಕ್‌ಲೋಡ್ (ರಕ್ಷಿಸಬೇಕಾದ ಒಂದೊಂದು ಯಂತ್ರ ಅಥವಾ ದತ್ತಾಂಶದ ಘಟಕ) ಲೆಕ್ಕದಲ್ಲಿದೆ, ಮೂರನೆಯದು ಪ್ರೊಸೆಸರ್ ಸಾಕೆಟ್ (ಸರ್ವರ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಲೆಕ್ಕದಲ್ಲಿದೆ. ಇವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ ಎಂದು ನಮ್ಮ ಖರೀದಿ ವಿಭಾಗದವರು ಕೇಳುತ್ತಿದ್ದಾರೆ. ನಮ್ಮಲ್ಲಿರುವುದು ಇಷ್ಟು: ತಲಾ ಎರಡು ಸಾಕೆಟ್‌ಗಳ ಮೂರು ಹೋಸ್ಟ್ ಸರ್ವರ್‌ಗಳು, ಅವುಗಳ ಮೇಲೆ 28 ವರ್ಚುವಲ್ ಯಂತ್ರಗಳು (ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್‌ಗಳು; ಬಳಕೆಯಾಗಿರುವ ಜಾಗ ಸುಮಾರು 6 ಟಿಬಿ), ಮೂರು ಭೌತಿಕ ಸರ್ವರ್‌ಗಳಲ್ಲಿ 2 ಟಿಬಿ, ವಿನ್ಯಾಸ ಚಿತ್ರಗಳಿರುವ ನ್ಯಾಸ್ (ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಫೈಲ್ ಸಂಗ್ರಹ) ಪೆಟ್ಟಿಗೆಯಲ್ಲಿ 12 ಟಿಬಿ, ವಿನ್ಯಾಸ ವಿಭಾಗದ 45 ಕಂಪ್ಯೂಟರ್‌ಗಳಲ್ಲಿ ತಲಾ ಸುಮಾರು 100 ಜಿಬಿ, ಜೊತೆಗೆ ಒಂದು ಎಲ್‌ಟಿಒ-7 (ಎಲ್‌ಟಿಒ ಮಾದರಿ ಟೇಪಿನ ಏಳನೇ ತಲೆಮಾರು) ಟೇಪ್ ಲೈಬ್ರರಿ. ಈ ತಂತ್ರಾಂಶಗಳಲ್ಲಿ ಯಾವ ಯಾವ ಭಾಗಗಳಿರುತ್ತವೆ, ಹಣ ಕೇಳುವುದು ಅವುಗಳಲ್ಲಿ ಯಾವುದಕ್ಕೆ ಎಂಬುದನ್ನು ಅನುಭವಸ್ಥರು ಬಿಡಿಸಿ ಹೇಳಿದರೆ ಬಹಳ ಉಪಕಾರವಾಗುತ್ತದೆ.

ವೈಟ್‌ಫೀಲ್ಡ್‌ನ ಸದಸ್ಯರು:

ತಮ್ಮ ಪ್ರಶ್ನೆಗೆ ಮೊದಲು ಭಾಗಗಳ ಕಡೆಯಿಂದ ಉತ್ತರಿಸುತ್ತೇನೆ, ಏಕೆಂದರೆ ಭಾಗಗಳು ಸ್ಪಷ್ಟವಾಗದೆ ಲೈಸೆನ್ಸ್ ಪತ್ರವನ್ನು ಓದಿದರೆ ಒಂದು ಸಾಲೂ ಅರ್ಥವಾಗುವುದಿಲ್ಲ. ಕಂಪನಿಗಳು ಏನೇ ಹೆಸರಿಟ್ಟರೂ ದೊಡ್ಡ ಬ್ಯಾಕಪ್ ತಂತ್ರಾಂಶಗಳೆಲ್ಲದರ ಒಳಗೂ ನಾಲ್ಕು ಕೆಲಸಗಳು ನಡೆಯುತ್ತವೆ. ಯಾವಾಗ, ಯಾವುದನ್ನು, ಎಲ್ಲಿಗೆ ನಕಲು ಮಾಡಬೇಕೆಂದು ತೀರ್ಮಾನಿಸುವ ನಿಯಂತ್ರಕ ಸರ್ವರ್ ಒಂದು. ಆ ದತ್ತಾಂಶವನ್ನು ಪಡೆದು ಡಿಸ್ಕ್‌ಗೋ ಟೇಪ್‌ಗೋ ಬರೆಯುವ ಸರ್ವರ್ ಇನ್ನೊಂದು. ದತ್ತಾಂಶವಿರುವ ಯಂತ್ರದ ಮೇಲೆ ಕುಳಿತು ಅದನ್ನು ಓದಿಕೊಡುವ ಏಜೆಂಟ್ ಮೂರನೆಯದು. ಯಾವ ಫೈಲು ಯಾವ ದಿನ ಯಾವ ಟೇಪಿಗೆ ಹೋಯಿತು ಎಂಬುದನ್ನು ದಾಖಲಿಸಿಕೊಳ್ಳುವ ಕ್ಯಾಟಲಾಗ್ ನಾಲ್ಕನೆಯದು.

ನೆಟ್‌ಬ್ಯಾಕಪ್‌ನಲ್ಲಿ ನಿಯಂತ್ರಕಕ್ಕೆ ಈಗ ಪ್ರೈಮರಿ ಸರ್ವರ್ ಎಂದೂ ಬರೆಯುವ ಸರ್ವರ್‌ಗೆ ಮೀಡಿಯಾ ಸರ್ವರ್ ಎಂದೂ ಹೆಸರು. ಕಾಮ್‌ವಾಲ್ಟ್‌ನಲ್ಲಿ ಅವೇ ಕಾಮ್‌ಸರ್ವ್ ಮತ್ತು ಮೀಡಿಯಾ ಏಜೆಂಟ್; ಅದರ ಮುಖ್ಯ ದತ್ತಸಂಚಯ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿರುತ್ತದೆ. ನೆಟ್‌ವರ್ಕರ್‌ನಲ್ಲಿ ಬರೆಯುವ ಯಂತ್ರವನ್ನು ಸ್ಟೋರೇಜ್ ನೋಡ್ ಎನ್ನುತ್ತಾರೆ. ವೀಮ್‌ನಲ್ಲಿ ಬ್ಯಾಕಪ್ ಸರ್ವರ್, ದತ್ತಾಂಶ ಸಾಗಿಸುವ ಪ್ರಾಕ್ಸಿ, ಅದನ್ನು ಇರಿಸುವ ರೆಪಾಸಿಟರಿ ಎಂದು ಮೂರಾಗಿ ಒಡೆದಿದ್ದಾರೆ. ಐಬಿಎಂನ ಹಳೆಯ ಟಿವೋಲಿ ಸ್ಟೋರೇಜ್ ಮ್ಯಾನೇಜರ್, ಅಂದರೆ 2015ರಲ್ಲಿ ಸ್ಪೆಕ್ಟ್ರಮ್ ಪ್ರೊಟೆಕ್ಟ್ ಆಗಿ ಈಗ ಸ್ಟೋರೇಜ್ ಪ್ರೊಟೆಕ್ಟ್ ಎನಿಸಿಕೊಂಡಿರುವ ತಂತ್ರಾಂಶ, ನಿಯಂತ್ರಣ ಮತ್ತು ಬರವಣಿಗೆ ಎರಡನ್ನೂ ಒಂದೇ ಸರ್ವರ್‌ನಲ್ಲಿ ಇಟ್ಟುಕೊಂಡು ಕ್ಯಾಟಲಾಗ್ ಅನ್ನು ಡಿಬಿ2 ದತ್ತಸಂಚಯದಲ್ಲಿ ಇರಿಸುತ್ತದೆ.

ಹೆಸರುಗಳ ಜೊತೆಗೆ ಒಡೆತನವೂ ಬದಲಾಗುತ್ತ ಬಂದಿದೆ. ಲೆಗಾಟೊ ಕಂಪನಿಯ ನೆಟ್‌ವರ್ಕರ್ 2003ರಲ್ಲಿ ಇಎಂಸಿಗೆ ಸೇರಿತು. 2016ರಲ್ಲಿ ಇಎಂಸಿಯೇ ಡೆಲ್‌ಗೆ ಸೇರಿತು. ವೆರಿಟಾಸ್ 2005ರಲ್ಲಿ ಸಿಮ್ಯಾಂಟೆಕ್‌ನೊಂದಿಗೆ ಒಂದಾಗಿ, 2016ರಲ್ಲಿ ಬೇರೆಯಾಗಿ, 2024ರ ಡಿಸೆಂಬರ್‌ನಲ್ಲಿ ಅದರ ನೆಟ್‌ಬ್ಯಾಕಪ್ ವಿಭಾಗ ಕೊಹೆಸಿಟಿಯನ್ನು ಸೇರಿತು. ಬ್ಯಾಕಪ್ ಎಕ್ಸೆಕ್ ಮೊದಲಾದವು ಆರ್ಕ್‌ಟೆರಾ ಎಂಬ ಬೇರೆ ಕಂಪನಿಯ ಪಾಲಾದವು. ಒಡೆಯರು ಬದಲಾದಾಗಲೆಲ್ಲ ಲೈಸೆನ್ಸ್‌ನ ಅಳತೆಯೂ ಬದಲಾಗಬಹುದು. ಆದ್ದರಿಂದ ತಮ್ಮ ಹಳೆಯ ಶಾಶ್ವತ ಲೈಸೆನ್ಸ್‌ನ ಮೂಲ ಪ್ರಮಾಣಪತ್ರವನ್ನೂ ಪರ್ಚೇಸ್ ಆರ್ಡರ್ ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಶಾಶ್ವತ ಲೈಸೆನ್ಸ್ ಎಂದರೆ ತಾವು ಕೊಂಡ ಆವೃತ್ತಿಯನ್ನು ಬಳಸುವ ಹಕ್ಕು. ಎಎಂಸಿ ನಿಂತರೆ ಹೊಸ ಆವೃತ್ತಿ ಮತ್ತು ಬೆಂಬಲ ನಿಲ್ಲುತ್ತವೆಯೇ ಹೊರತು, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಆ ಹಕ್ಕು ನಿಲ್ಲುವುದಿಲ್ಲ.

ಜಿಗಣಿಯ ಸದಸ್ಯರು:

ಒಂದು ಸಣ್ಣ ಪ್ರಶ್ನೆ ಸೇರಿಸುತ್ತೇನೆ. ಮೀಡಿಯಾ ಸರ್ವರ್ ಒಂದು ಹೆಚ್ಚಿಸಿದರೆ ಅದಕ್ಕೂ ಹಣ ಕಟ್ಟಬೇಕೇ? ಎರಡನೇ ಶೆಡ್‌ನಲ್ಲಿ ಒಂದನ್ನು ಹಾಕಬೇಕೆಂದಿದ್ದೇವೆ.

ವೈಟ್‌ಫೀಲ್ಡ್‌ನ ಸದಸ್ಯರು:

ಹಿಂದಿನ ಪದ್ಧತಿಯಲ್ಲಿ ಕಟ್ಟಬೇಕಿತ್ತು, ಈಗಿನ ಬಹುಪಾಲು ಯೋಜನೆಗಳಲ್ಲಿ ಬೇಕಿಲ್ಲ. ಆಗ ಪ್ರತಿಯೊಂದು ಭಾಗಕ್ಕೂ ಒಂದೊಂದು ಕೀ ಇರುತ್ತಿತ್ತು: ಸರ್ವರ್‌ಗೆ ಒಂದು, ಕ್ಲೈಂಟ್‌ಗಳಿಗೆ ಇಷ್ಟು, ಆರಾಕಲ್ ಏಜೆಂಟ್‌ಗೆ ಇನ್ನೊಂದು, ನ್ಯಾಸ್ ಬ್ಯಾಕಪ್‌ನ ನಿಯಮಾವಳಿಯಾದ ಎನ್‌ಡಿಎಂಪಿಗೆ ಮತ್ತೊಂದು, ಟೇಪ್ ಡ್ರೈವ್‌ಗಳನ್ನು ಹಲವು ಸರ್ವರ್‌ಗಳು ಹಂಚಿಕೊಂಡರೆ ಅದಕ್ಕೂ ಒಂದು. ನೆಟ್‌ವರ್ಕರ್‌ನಲ್ಲಿ ಟೇಪ್ ಲೈಬ್ರರಿಯಲ್ಲಿ ಎಷ್ಟು ಖಾನೆಗಳಿವೆ ಎಂಬುದರ ಮೇಲೂ ದರ ನಿಗದಿಯಾಗುತ್ತಿತ್ತು. ಖಾನೆಗಳು ಹೆಚ್ಚಿದರೆ ಮೇಲಿನ ದರ್ಜೆಯ ಲೈಸೆನ್ಸ್ ಬೇಕಾಗುತ್ತಿತ್ತು. ಈಗ ಟೆರಾಬೈಟ್ ಅಥವಾ ವರ್ಕ್‌ಲೋಡ್ ಲೆಕ್ಕಕ್ಕೆ ಬಂದ ಮೇಲೆ ಈ ಬಿಡಿ ಕೀಗಳು ಬಹುತೇಕ ಇಲ್ಲವಾಗಿವೆ, ಮೀಡಿಯಾ ಸರ್ವರ್ ಅಥವಾ ಪ್ರಾಕ್ಸಿ ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ಅದರ ಮೇಲಿನ ಆಪರೇಟಿಂಗ್ ಸಿಸ್ಟಂ ಲೈಸೆನ್ಸ್ ಮಾತ್ರ ತಮ್ಮದೇ.

ಆದರೆ ಹಾರ್ಡ್‌ವೇರ್ ಪೆಟ್ಟಿಗೆಗಳ ಕಡೆ ಗಮನವಿರಲಿ. ಡೇಟಾ ಡೊಮೈನ್‌ನಂಥ ಬ್ಯಾಕಪ್ ಸಂಗ್ರಹ ಉಪಕರಣದಲ್ಲಿ ವೇಗ ಹೆಚ್ಚಿಸುವ ಡಿಡಿ ಬೂಸ್ಟ್, ಇನ್ನೊಂದು ಊರಿಗೆ ನಕಲು ಕಳಿಸುವ ರೆಪ್ಲಿಕೇಶನ್, ಅವಧಿ ಮುಗಿಯುವವರೆಗೆ ಅಳಿಸಲಾಗದಂತೆ ಬೀಗ ಹಾಕುವ ರಿಟೆನ್ಶನ್ ಲಾಕ್ ಇವುಗಳಿಗೆ ಪ್ರತ್ಯೇಕ ಲೈಸೆನ್ಸ್ ಸಾಲುಗಳು ಇರುವುದುಂಟು. ತಂತ್ರಾಂಶದ ಕೊಟೇಶನ್‌ನಲ್ಲಿ ಇಲ್ಲದ ಸಾಲು ಉಪಕರಣದ ಕೊಟೇಶನ್‌ನಲ್ಲಿ ಇರಬಹುದು.

ಯಲಹಂಕದ ಸದಸ್ಯೆ:

ನಾನು ಇಂಥ ಯೋಜನೆಗಳನ್ನು ಅಳವಡಿಸಿಕೊಡುವ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಪೀಣ್ಯದವರು ಕೊಟ್ಟ ಅಂಕಿಗಳನ್ನೇ ಮೂರೂ ಅಳತೆಗಳಲ್ಲಿ ಹಾಕಿ ನೋಡಿದ್ದೇನೆ.

ಟೆರಾಬೈಟ್ ಲೆಕ್ಕದಲ್ಲಿ ಎರಡು ವಿಧಗಳಿವೆ. ರಕ್ಷಿಸಬೇಕಾದ ಮೂಲ ದತ್ತಾಂಶದ ಗಾತ್ರವನ್ನು ಅಳೆಯುವುದು ಫ್ರಂಟ್-ಎಂಡ್. ಬ್ಯಾಕಪ್ ಆಗಿ ಸಂಗ್ರಹದಲ್ಲಿ ಕುಳಿತ ಗಾತ್ರವನ್ನು ಅಳೆಯುವುದು ಬ್ಯಾಕ್-ಎಂಡ್. ತಮ್ಮ ಫ್ರಂಟ್-ಎಂಡ್ ಮೊತ್ತ 6, 2, 12 ಮತ್ತು 4.5 ಕೂಡಿ 24.5 ಟಿಬಿ, ಅಂದರೆ 25 ಟಿಬಿ ಎಂದಿಟ್ಟುಕೊಳ್ಳಿ. ಫ್ರಂಟ್-ಎಂಡ್‌ನಲ್ಲಿ ಎಷ್ಟು ವರ್ಷದ ಪ್ರತಿ ಇಟ್ಟುಕೊಂಡರೂ, ಎಷ್ಟು ಕಡೆ ಇಟ್ಟರೂ ಲೈಸೆನ್ಸ್ ಬದಲಾಗುವುದಿಲ್ಲ. ಬ್ಯಾಕ್-ಎಂಡ್‌ನಲ್ಲಾದರೆ ಡಿಡ್ಯೂಪ್ (ಮತ್ತೆ ಮತ್ತೆ ಬರುವ ಒಂದೇ ದತ್ತಾಂಶವನ್ನು ಒಮ್ಮೆ ಮಾತ್ರ ಇಡುವುದು) ಮತ್ತು ಕಂಪ್ರೆಶನ್ (ಗಾತ್ರ ಕುಗ್ಗಿಸುವುದು) ಚೆನ್ನಾಗಿ ಆದಷ್ಟೂ ಲೈಸೆನ್ಸ್ ಕಡಿಮೆ, ದೀರ್ಘಕಾಲ ಇಟ್ಟುಕೊಂಡಷ್ಟೂ ಹೆಚ್ಚು. ಆಗಲೇ ಸಂಕುಚಿತವಾಗಿರುವ ಚಿತ್ರ, ವಿಡಿಯೋ ಅಥವಾ ಎನ್‌ಕ್ರಿಪ್ಟ್ ಆದ ಫೈಲುಗಳು ಹೆಚ್ಚಿರುವವರಿಗೆ ಬ್ಯಾಕ್-ಎಂಡ್ ಅನುಕೂಲವಲ್ಲ, ಏಕೆಂದರೆ ಅಲ್ಲಿ ಡಿಡ್ಯೂಪ್‌ನಿಂದ ಉಳಿತಾಯವಾಗುವುದು ಅತ್ಯಲ್ಪ.

ಟೆರಾಬೈಟ್ ಲೆಕ್ಕದಲ್ಲಿ ನೋಡಬೇಕಾದದ್ದು ಬೆಳವಣಿಗೆ. ದತ್ತಾಂಶ ವರ್ಷಕ್ಕೆ ಶೇ. 20ರಂತೆ ಬೆಳೆದರೆ ಇಂದಿನ 25 ಟಿಬಿ ನಾಲ್ಕು ವರ್ಷಕ್ಕೆ ಸುಮಾರು 52 ಟಿಬಿ ಆಗುತ್ತದೆ. ಇಂದಿನ ಕೊಟೇಶನ್‌ನ ಮೊತ್ತವನ್ನು ಐದರಿಂದ ಗುಣಿಸಿ ಐದು ವರ್ಷದ ವೆಚ್ಚ ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ಹೆಚ್ಚುವರಿ ಟೆರಾಬೈಟ್‌ಗೆ ಮುಂದಿನ ವರ್ಷ ಯಾವ ದರ ಎಂಬುದನ್ನು ಈಗಲೇ ಬರೆಸಿಕೊಳ್ಳಿ. ಇನ್ನೊಂದು ಮಾತು: ನೆಟ್‌ಬ್ಯಾಕಪ್‌ನಲ್ಲಿ ಈ ಗಾತ್ರವನ್ನು ಅಳೆಯಲು ಎನ್‌ಬಿಡಿಪ್ಲಾಯ್‌ಯುಟಿಲ್ ಎಂಬ ಉಪಕರಣವಿದೆ. ಒಂದೇ ಫೋಲ್ಡರ್ ಎರಡು ಪಾಲಿಸಿಗಳಲ್ಲಿ (ಬ್ಯಾಕಪ್ ನಿಯಮಗಳಲ್ಲಿ) ಸೇರಿದ್ದರೆ ಅದು ಎರಡು ಬಾರಿ ಎಣಿಕೆಯಾಗುವ ಸಾಧ್ಯತೆ ಇದೆ. ಅದರ ವರದಿಯನ್ನು ಹಾಗೆಯೇ ಮಾರಾಟಗಾರರಿಗೆ ಕಳಿಸದೆ, ಸಾಲುಸಾಲಾಗಿ ಪರಿಶೀಲಿಸಿ ಕಳಿಸುವುದು ಒಳ್ಳೆಯದು.

ಈಗ ವರ್ಕ್‌ಲೋಡ್ ಲೆಕ್ಕ. ವೀಮ್‌ನ ಯೂನಿವರ್ಸಲ್ ಲೈಸೆನ್ಸ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಒಂದು ವರ್ಚುವಲ್ ಯಂತ್ರಕ್ಕೆ ಒಂದು, ಒಂದು ಭೌತಿಕ ಸರ್ವರ್‌ಗೆ ಒಂದು, ಮೂರು ಡೆಸ್ಕ್‌ಟಾಪ್‌ಗಳಿಗೆ ಒಂದು, ನ್ಯಾಸ್‌ನ ಪ್ರತಿ 500 ಜಿಬಿಗೆ ಒಂದು. ತಮ್ಮ ಲೆಕ್ಕ 28, 3, 15 ಮತ್ತು 24 ಸೇರಿ 70. ಇದರಲ್ಲಿ ನ್ಯಾಸ್‌ನ ಪಾಲನ್ನು ಗಮನಿಸಿ. ಒಂದೇ ಒಂದು ಪೆಟ್ಟಿಗೆ ಒಟ್ಟು ಲೈಸೆನ್ಸ್‌ನ ಮೂರನೇ ಒಂದು ಭಾಗದಷ್ಟನ್ನು ತಿನ್ನುತ್ತಿದೆ. ಅದೇ 12 ಟಿಬಿ ಒಂದು ವರ್ಚುವಲ್ ಫೈಲ್ ಸರ್ವರ್‌ನೊಳಗೆ ಇದ್ದು, ಆ ಯಂತ್ರವನ್ನು ಇಡಿಯಾಗಿ ಇಮೇಜ್ ರೂಪದಲ್ಲಿ ಬ್ಯಾಕಪ್ ತೆಗೆದರೆ ಅದು ಒಂದೇ ಒಂದು ಲೈಸೆನ್ಸ್. ಹಾಗೆಂದು ಕೂಡಲೇ ನ್ಯಾಸ್ ಖಾಲಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. 12 ಟಿಬಿಯ ಒಂದೇ ಯಂತ್ರವನ್ನು ಹೋಸ್ಟ್‌ಗಳ ಸಂಗ್ರಹದಲ್ಲಿ ಇಡಲು ಜಾಗ ಬೇಕು, ಅದು ಪೂರ್ಣವಾಗಿ ಮರಳಿ ಏಳಲು ಹೆಚ್ಚು ಸಮಯವೂ ಬೇಕು. ಆದರೆ ದತ್ತಾಂಶ ಎಲ್ಲಿ ಕುಳಿತಿದೆ ಎಂಬುದರಿಂದ ಲೈಸೆನ್ಸ್ ಎಷ್ಟು ಬದಲಾಗುತ್ತದೆ ಎಂಬುದು ತಮ್ಮ ನಿರ್ವಾಹಕರಿಗೆ ತಿಳಿದಿರಬೇಕು.

ಸಾಕೆಟ್ ಲೆಕ್ಕದಲ್ಲಿ ತಮ್ಮದು ಆರು ಸಾಕೆಟ್. ನೋಡಲು ಅಗ್ಗ. ಆದರೆ ಅದು ರಕ್ಷಿಸುವುದು ಆ ಮೂರು ಹೋಸ್ಟ್‌ಗಳ ಮೇಲಿನ ವರ್ಚುವಲ್ ಯಂತ್ರಗಳನ್ನು ಮಾತ್ರ. ಭೌತಿಕ ಸರ್ವರ್, ನ್ಯಾಸ್, ಡೆಸ್ಕ್‌ಟಾಪ್‌ಗಳು ಆ ಕೊಟೇಶನ್‌ನ ಹೊರಗೆ ಉಳಿದಿವೆಯೇ ಎಂದು ನೋಡಿ. ಬಹಳ ಮಟ್ಟಿಗೆ ಉಳಿದೇ ಇರುತ್ತವೆ. ಅಲ್ಲದೆ 2023ರ ನವೆಂಬರ್‌ನಲ್ಲಿ ವರ್ಚುವಲೈಸೇಶನ್ ತಂತ್ರಾಂಶದ ವಿಎಂವೇರ್ ಕಂಪನಿ ಬ್ರಾಡ್‌ಕಾಮ್ ಕೈಗೆ ಹೋಗಿ, ಡಿಸೆಂಬರ್‌ನಲ್ಲಿ ಶಾಶ್ವತ ಲೈಸೆನ್ಸ್ ಮಾರಾಟ ನಿಂತು, ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 16 ಕೋರ್‌ಗಳ ಚಂದಾ ಬಂದ ಮೇಲೆ ನಮ್ಮ ಗ್ರಾಹಕರಲ್ಲಿ ಹಲವರು ಬೇರೆ ವರ್ಚುವಲೈಸೇಶನ್‌ಗೆ ಹೋಗುವ ಯೋಚನೆಯಲ್ಲಿದ್ದಾರೆ. ತಾವೂ ಆ ಯೋಚನೆಯಲ್ಲಿದ್ದರೆ, ಸಾಕೆಟ್ ಲೈಸೆನ್ಸ್ ಹೊಸ ವೇದಿಕೆಗೂ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿ.

ತಮ್ಮ ಮೂರು ಕೊಟೇಶನ್‌ಗಳಲ್ಲಿ ಇಲ್ಲದ ಇನ್ನೊಂದು ಅಳತೆ ಐಬಿಎಂನ ಪಿವಿಯು (ಪ್ರೊಸೆಸರ್ ವ್ಯಾಲ್ಯೂ ಯೂನಿಟ್). ಅಲ್ಲಿ ರಕ್ಷಿತ ಸರ್ವರ್‌ಗಳ ಪ್ರೊಸೆಸರ್ ಕೋರ್‌ಗಳಿಗೆ ಅಂಕ ಕೊಟ್ಟು ಎಣಿಸುತ್ತಾರೆ. ದತ್ತಾಂಶ ಒಂದು ಬೈಟೂ ಬೆಳೆಯದೆ, ಹೆಚ್ಚು ಕೋರ್‌ಗಳ ಹೊಸ ಸರ್ವರ್ ತಂದ ಮಾತ್ರಕ್ಕೆ ಬ್ಯಾಕಪ್ ಲೈಸೆನ್ಸ್ ಏರುವುದು ಈ ಪದ್ಧತಿಯಲ್ಲಿ ಸಾಧ್ಯ. ಐಬಿಎಂನ ಸ್ಟೋರೇಜ್ ಪ್ರೊಟೆಕ್ಟ್ ಅನ್ನು ಟೆರಾಬೈಟ್ ಲೆಕ್ಕದಲ್ಲೂ ಕೊಳ್ಳಬಹುದು.

ಪೀಣ್ಯದ ಸದಸ್ಯರು:

ಮೇಡಂ, ಇಷ್ಟು ವಿವರವಾಗಿ ಲೆಕ್ಕ ಹಾಕಿ ಕೊಟ್ಟದ್ದಕ್ಕೆ ಮನಃಪೂರ್ವಕ ಧನ್ಯವಾದಗಳು. ಸಾಕೆಟ್ ಲೆಕ್ಕದ ಕೊಟೇಶನ್ ಅನ್ನು ಮತ್ತೆ ತೆಗೆದು ನೋಡಿದೆ. ತಾವು ಹೇಳಿದಂತೆಯೇ ಭೌತಿಕ ಸರ್ವರ್‌ಗಳೂ ವಿನ್ಯಾಸ ವಿಭಾಗದ ಕಂಪ್ಯೂಟರ್‌ಗಳೂ ಅದರಲ್ಲಿ ಇಲ್ಲ. ನಮ್ಮ ಇಆರ್‌ಪಿ (ಲೆಕ್ಕ, ಖರೀದಿ, ದಾಸ್ತಾನು ನೋಡಿಕೊಳ್ಳುವ ತಂತ್ರಾಂಶ) ದತ್ತಸಂಚಯ ಇರುವುದೇ ಭೌತಿಕ ಸರ್ವರ್‌ನಲ್ಲಿ.

ಈಗ ಇನ್ನೊಂದು ಸಂದೇಹ ಹುಟ್ಟಿದೆ. ಚಂದಾ ಪದ್ಧತಿಗೆ ಹೋಗಿ, ಮೂರು ವರ್ಷದ ನಂತರ ಯಾವುದೋ ಕಾರಣಕ್ಕೆ ಮುಂದುವರಿಸದೆ ಬಿಟ್ಟರೆ, ಅಲ್ಲಿಯವರೆಗೆ ತೆಗೆದ ಬ್ಯಾಕಪ್‌ಗಳ ಗತಿ ಏನು?

ಕೋರಮಂಗಲದ ಸದಸ್ಯರು:

ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಪ್ರಶ್ನೆ ಇದು. ನಾನು ಹಣಕಾಸು ಸಂಸ್ಥೆಯೊಂದರ ಸಂಗ್ರಹ ವಿಭಾಗದಲ್ಲಿದ್ದೇನೆ. ನನ್ನ ದೃಢ ಅಭಿಪ್ರಾಯವೆಂದರೆ, ಬ್ಯಾಕಪ್ ತಂತ್ರಾಂಶದ ಲೈಸೆನ್ಸ್ ಅನ್ನು ಬ್ಯಾಕಪ್‌ನ ಕಡೆಯಿಂದಲ್ಲ, ರಿಸ್ಟೋರ್‌ನ ಕಡೆಯಿಂದ ಓದಬೇಕು. ದತ್ತಾಂಶವನ್ನು ಒಳಗೆ ಹಾಕಲು ಎಷ್ಟು ಹಣ ಎಂಬುದು ಎಲ್ಲ ಕೊಟೇಶನ್‌ಗಳಲ್ಲೂ ಇರುತ್ತದೆ. ಲೈಸೆನ್ಸ್ ಮುಗಿದ ಮೇಲೆ, ಸರ್ವರ್ ಸುಟ್ಟ ಮೇಲೆ, ಕಂಪನಿ ಕೈ ಬದಲಾದ ಮೇಲೆ ಆ ದತ್ತಾಂಶವನ್ನು ಹೊರಗೆ ತೆಗೆಯುವ ಹಕ್ಕು ಇದೆಯೇ ಎಂಬುದು ಯಾವ ಕೊಟೇಶನ್‌ನಲ್ಲೂ ಇರುವುದಿಲ್ಲ; ಅದು ಬಳಕೆದಾರರ ಒಪ್ಪಂದದ ಒಳಪುಟಗಳಲ್ಲಿ ಇರುತ್ತದೆ.

ಅವಧಿ ಮುಗಿದ ಕೂಡಲೇ ಹೊಸ ಬ್ಯಾಕಪ್ ನಿಲ್ಲಿಸಿ ರಿಸ್ಟೋರ್‌ಗೆ ಮಾತ್ರ ಅವಕಾಶ ಉಳಿಸುವುದು ಒಂದು ರೀತಿ. ಕನ್ಸೋಲ್ ಬಾಗಿಲನ್ನೇ ಮುಚ್ಚುವುದು ಇನ್ನೊಂದು ರೀತಿ. ಕ್ಲೌಡ್ ಸೇವೆಯಾದರೆ ಇಷ್ಟು ದಿನಗಳ ನಂತರ ದತ್ತಾಂಶವನ್ನೇ ಅಳಿಸುವುದು ಮತ್ತೊಂದು ರೀತಿ. ಇವುಗಳಲ್ಲಿ ತಮ್ಮದು ಯಾವುದು ಎಂದು ಆ ಆವೃತ್ತಿಯ ಒಪ್ಪಂದವನ್ನೇ ಇಟ್ಟುಕೊಂಡು ಕೇಳಿ, ಉತ್ತರವನ್ನು ಪರ್ಚೇಸ್ ಆರ್ಡರ್‌ನ ಷರತ್ತಾಗಿ ಸೇರಿಸಿ. ಮಾರಾಟ ಪ್ರತಿನಿಧಿಯ ಬಾಯಿಮಾತು ಸಾಲದು.

ಎರಡನೆಯದು ಕ್ಯಾಟಲಾಗ್. ವೈಟ್‌ಫೀಲ್ಡ್‌ನವರು ಅದನ್ನು ಕೊನೆಯಲ್ಲಿ ಹೇಳಿದರು, ನಾನಾದರೆ ಮೊದಲು ಹೇಳುತ್ತಿದ್ದೆ. ಗೋದಾಮು ತುಂಬ ಗುರುತಿಲ್ಲದ ಪೆಟ್ಟಿಗೆಗಳಿದ್ದು ರಿಜಿಸ್ಟರ್ ಕಳೆದುಹೋದರೆ ಏನಾಗುತ್ತದೋ, ಕ್ಯಾಟಲಾಗ್ ಹೋದರೆ ಟೇಪ್‌ಗಳಿಗೂ ಅದೇ ಆಗುತ್ತದೆ. ಆದರೆ ಎಲ್ಲ ತಂತ್ರಾಂಶಗಳೂ ಈ ವಿಷಯದಲ್ಲಿ ಒಂದೇ ಅಲ್ಲ. ನೆಟ್‌ಬ್ಯಾಕಪ್‌ನಲ್ಲಿ ಟೇಪನ್ನೇ ಓದಿ ಎರಡು ಹಂತಗಳಲ್ಲಿ ಇಂಪೋರ್ಟ್ ಮಾಡಿ ಕ್ಯಾಟಲಾಗ್ ಮತ್ತೆ ಕಟ್ಟಬಹುದು. ನೆಟ್‌ವರ್ಕರ್‌ನಲ್ಲಿ ಸ್ಕ್ಯಾನರ್ ಎಂಬ ಆದೇಶ ಇದೇ ಕೆಲಸ ಮಾಡುತ್ತದೆ. ವೀಮ್‌ನ ಬ್ಯಾಕಪ್ ಫೈಲ್ ಕೈಯಲ್ಲಿದ್ದರೆ, ಬ್ಯಾಕಪ್ ಸರ್ವರ್ ಇಲ್ಲದೆಯೇ ಅದರಿಂದ ಯಂತ್ರವನ್ನು ಹೊರತೆಗೆಯುವ ಪ್ರತ್ಯೇಕ ಎಕ್ಸ್‌ಟ್ರ್ಯಾಕ್ಟ್ ಉಪಕರಣವಿದೆ. ಟಿವೋಲಿ ವಂಶದ ತಂತ್ರಾಂಶದಲ್ಲಿ ಮಾತ್ರ ಸರ್ವರ್‌ನ ದತ್ತಸಂಚಯ ಮತ್ತು ಅದರ ಬ್ಯಾಕಪ್ ಎರಡೂ ಹೋದರೆ ಟೇಪಿನಲ್ಲಿರುವುದನ್ನು ಮರಳಿ ಜೋಡಿಸುವ ದಾರಿ ಇಲ್ಲ. ಅದಕ್ಕೇ ಅಲ್ಲಿನ ನಿರ್ವಾಹಕರು ದತ್ತಸಂಚಯದ ಬ್ಯಾಕಪ್ ಅನ್ನು ಪ್ರತಿದಿನ ಹೊರಗೆ ಕಳಿಸುವ ಶಿಸ್ತು ಪಾಲಿಸುತ್ತಾರೆ.

ನಮ್ಮಲ್ಲಿ ವರ್ಷಕ್ಕೊಮ್ಮೆ ನಡೆಯುವ ತಾಲೀಮನ್ನು ಸ್ವಲ್ಪ ವಿವರಿಸುತ್ತೇನೆ. ನೆಟ್‌ವರ್ಕ್‌ನಿಂದ ಬೇರ್ಪಟ್ಟ ಕೋಣೆಯಲ್ಲಿ ಒಂದು ಖಾಲಿ ಸರ್ವರ್, ಒಂದು ಟೇಪ್ ಡ್ರೈವ್, ಹೊರಗಿನ ಸಂಗ್ರಹದಿಂದ ತರಿಸಿದ ಟೇಪ್ ಪೆಟ್ಟಿಗೆ, ಇಷ್ಟೇ ಇರುತ್ತದೆ. ಮೊದಲು ಆಪರೇಟಿಂಗ್ ಸಿಸ್ಟಂ, ನಂತರ ಅದೇ ಆವೃತ್ತಿಯ ಬ್ಯಾಕಪ್ ತಂತ್ರಾಂಶ, ನಂತರ ಕ್ಯಾಟಲಾಗ್. ಇಲ್ಲಿ ಕೈ ಕಟ್ಟಿಹಾಕುವ ಸಂಗತಿಗಳು ತಾಂತ್ರಿಕವಾಗಿ ಬಹಳ ಸಣ್ಣವು. ಕ್ಯಾಟಲಾಗ್ ಯಾವ ಟೇಪಿನಲ್ಲಿದೆ ಎಂಬ ಮಾಹಿತಿ ಆ ಕ್ಯಾಟಲಾಗ್‌ನೊಳಗೇ ಇದ್ದರೆ ಪ್ರಯೋಜನವಿಲ್ಲ, ಆದ್ದರಿಂದ ಅದನ್ನು ಕಾಗದದ ಮೇಲೆ ಮುದ್ರಿಸಿ ಪೆಟ್ಟಿಗೆಯೊಳಗೇ ಇಡುತ್ತೇವೆ. ಇನ್‌ಸ್ಟಾಲ್ ಮಾಡುವ ಫೈಲ್‌ಗಳನ್ನು ಕಂಪನಿಯ ಜಾಲತಾಣದಿಂದ ಇಳಿಸಿಕೊಳ್ಳಬಹುದು ಎಂದು ಕುಳಿತರೆ, ಎಎಂಸಿ ಮುಗಿದ ಖಾತೆಗೆ ಹಳೆಯ ಆವೃತ್ತಿ ಇಳಿಸಿಕೊಳ್ಳಲು ಅವಕಾಶವಿಲ್ಲದಿರಬಹುದು. ಲೈಸೆನ್ಸ್ ಕೀ ಹಳೆಯ ಸರ್ವರ್‌ನ ಹೋಸ್ಟ್ ಐಡಿಗೆ (ಯಂತ್ರದ ಗುರುತಿಗೆ) ಕಟ್ಟಿದ್ದರೆ ಹೊಸ ಯಂತ್ರದಲ್ಲಿ ಅದು ಒಪ್ಪುವುದಿಲ್ಲ. ಭಾನುವಾರ ರಾತ್ರಿ ಹೊಸ ಕೀ ಕೊಡುವವರು ಯಾರು ಎಂಬುದಕ್ಕೆ ಹೆಸರು, ದೂರವಾಣಿ ಸಂಖ್ಯೆ ಸಹಿತ ಉತ್ತರವಿರಬೇಕು. ಟೇಪ್ ಎನ್‌ಕ್ರಿಪ್ಟ್ ಆಗಿದ್ದರೆ ಗೂಢಲಿಪಿಯ ಕೀಲಿಗಳ ಪ್ರತಿಯೂ ಬೇರೆ ಕಡೆ ಇರಬೇಕು. ಕ್ಯಾಟಲಾಗ್ ಪೂರ್ತಿ ಮರಳಿ ಬಂದು, ಕೀಲಿ ಸಿಗದೆ ಹೋದರೆ ಮಾಡಿದ್ದೆಲ್ಲ ವ್ಯರ್ಥ.

2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿರುತ್ತದೆ. ಯುಪಿಎಸ್ ಮತ್ತು ಟೇಪ್ ಕಪಾಟು ಎರಡನ್ನೂ ನೆಲಮಾಳಿಗೆಯಲ್ಲಿ ಇಟ್ಟುಕೊಂಡವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಎರಡನೇ ಪ್ರತಿ ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರಲಿ. ಅಲ್ಲಿ ರಿಸ್ಟೋರ್ ಮಾಡಲು ಎರಡನೇ ಲೈಸೆನ್ಸ್ ಬೇಕೇ ಎಂಬುದನ್ನೂ ಮಾರಾಟಗಾರರಿಗೆ ಬರೆಯುವ ಪತ್ರದಲ್ಲಿ ಕೇಳಿ.

ಕೆಂಗೇರಿಯ ಸದಸ್ಯರು:

ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮುಕ್ತ ತಂತ್ರಾಂಶವನ್ನೇ ಬಳಸುತ್ತೇವೆ. ಬ್ಯಾಕ್ಯುಲಾದಲ್ಲಿ ಡೈರೆಕ್ಟರ್, ಸ್ಟೋರೇಜ್ ಡೀಮನ್, ಫೈಲ್ ಡೀಮನ್, ಕ್ಯಾಟಲಾಗ್ ಎಂದು ಭಾಗಗಳು ಕಣ್ಣಿಗೆ ಕಾಣುವಂತೆ ಬೇರೆಬೇರೆಯಾಗಿವೆ. ವಿದ್ಯಾರ್ಥಿಗಳಿಗೆ ಬ್ಯಾಕಪ್‌ನ ರಚನೆ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕೋರಮಂಗಲದವರು ಹೇಳಿದ ಕ್ಯಾಟಲಾಗ್ ಪ್ರಶ್ನೆಗೂ ಇಲ್ಲಿ ನೇರ ಉತ್ತರವಿದೆ: ಬಿಸ್ಕ್ಯಾನ್ ಎಂಬ ಉಪಕರಣ ಟೇಪ್ ಓದಿ ಕ್ಯಾಟಲಾಗ್ ಕಟ್ಟುತ್ತದೆ, ಬಿಎಕ್ಸ್‌ಟ್ರ್ಯಾಕ್ಟ್ ಕ್ಯಾಟಲಾಗ್ ಇಲ್ಲದೆಯೇ ಫೈಲು ತೆಗೆಯುತ್ತದೆ. ವರ್ಚುವಲ್ ಯಂತ್ರಗಳಿಗೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಇದೆ. ಅದರ ಮೊದಲ ಸ್ಥಿರ ಆವೃತ್ತಿ 2020ರ ನವೆಂಬರ್‌ನಲ್ಲಿ ಬಂದಿತು. ಎರಡೂ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ನ ಮೂರನೇ ಆವೃತ್ತಿಯ ಅಡಿಯಲ್ಲಿವೆ. ಒಳಬಳಕೆಗೆ ಯಾವ ಶುಲ್ಕವೂ ಇಲ್ಲ, ಟೆರಾಬೈಟ್ ಎಣಿಕೆಯೂ ಇಲ್ಲ, ಅವಧಿ ಮುಗಿಯುವ ಮಾತೂ ಇಲ್ಲ. ಬೆಂಬಲ ಬೇಕೆಂದರೆ ಪ್ರಾಕ್ಸ್‌ಮಾಕ್ಸ್‌ನವರು ಬ್ಯಾಕಪ್ ಸರ್ವರ್ ಒಂದಕ್ಕೆ ಇಷ್ಟು ಎಂದು ವಾರ್ಷಿಕ ಚಂದಾ ತೆಗೆದುಕೊಳ್ಳುತ್ತಾರೆ. ಪೀಣ್ಯದವರು ಇದನ್ನೂ ನಾಲ್ಕನೇ ಆಯ್ಕೆಯಾಗಿ ಪಟ್ಟಿಯಲ್ಲಿ ಇಡಬೇಕೆಂದು ನನ್ನ ವಿನಂತಿ.

ಯಲಹಂಕದ ಸದಸ್ಯೆ:

ಕೆಂಗೇರಿಯವರ ಮಾತನ್ನು ಗೌರವದಿಂದ ಒಪ್ಪುತ್ತೇನೆ, ಆದರೆ ಒಂದು ಭಾಗಕ್ಕೆ ಮಾತ್ರ. ಕಾಲೇಜಿನಲ್ಲಿ ಇದನ್ನು ನಡೆಸಲು ಅರಿತವರಿದ್ದಾರೆ. ಕಾರ್ಖಾನೆಯಲ್ಲಿ ಎರಡೇ ಜನರ ಗಣಕ ವಿಭಾಗವಿದ್ದು, ಅವರಲ್ಲಿ ಒಬ್ಬರು ಕೆಲಸ ಬಿಟ್ಟರೆ ಸಂರಚನಾ ಫೈಲ್‌ಗಳನ್ನು ಓದಿ ತಿಳಿದುಕೊಳ್ಳುವವರು ಬೇಕಲ್ಲ? ಇಆರ್‌ಪಿ ದತ್ತಸಂಚಯವನ್ನು ಚಾಲನೆಯಲ್ಲಿರುವಾಗಲೇ ಸುಸಂಗತವಾಗಿ ಬ್ಯಾಕಪ್ ತೆಗೆಯುವ ಏಜೆಂಟ್, ಅದನ್ನು ಬೇಕಾದ ನಿಮಿಷಕ್ಕೆ ಹಿಂದಕ್ಕೆ ಒಯ್ಯುವ ಸೌಕರ್ಯ ಇವು ವಾಣಿಜ್ಯ ತಂತ್ರಾಂಶದಲ್ಲಿ ಸಿದ್ಧವಾಗಿ ಸಿಗುತ್ತವೆ. ಮುಕ್ತ ತಂತ್ರಾಂಶದಲ್ಲಿ ದತ್ತಸಂಚಯದ ಸ್ವಂತ ಉಪಕರಣಗಳಿಂದ ಡಂಪ್ ತೆಗೆದು, ಆ ಡಂಪ್ ಅನ್ನು ಬ್ಯಾಕಪ್ ಮಾಡುವ ದಾರಿ ಇದೆ. ಅದನ್ನು ಕಟ್ಟಿ ನೋಡಿಕೊಳ್ಳುವವರ ಸಂಬಳವೂ ವೆಚ್ಚದಲ್ಲಿ ಸೇರಬೇಕು. ವಿನ್ಯಾಸ ವಿಭಾಗದ 45 ಕಂಪ್ಯೂಟರ್‌ಗಳಿಗೆ ಮುಕ್ತ ತಂತ್ರಾಂಶ, ಇಆರ್‌ಪಿ ಮತ್ತು ವರ್ಚುವಲ್ ಯಂತ್ರಗಳಿಗೆ ವಾಣಿಜ್ಯ ತಂತ್ರಾಂಶ ಎಂಬ ಹಂಚಿಕೆಯನ್ನು ಯೋಚಿಸಬಹುದು. ಆಗ 70ರಲ್ಲಿ 15 ಇಳಿಯುತ್ತದೆ.

ಬಸವನಗುಡಿಯ ಸದಸ್ಯರು:

ನಾನು ಲೆಕ್ಕಪರಿಶೋಧಕ. ತಂತ್ರಜ್ಞರು ಬಿಟ್ಟುಹೋದ ಕೆಲವು ಅಂಶಗಳನ್ನು ಸೇರಿಸುತ್ತೇನೆ.

ಕಂಪನಿಗಳ ಕಾಯ್ದೆಯ 128ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳ ಕಾಲ ಕಾಪಾಡಬೇಕು. ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗೇ ಭೌತಿಕವಾಗಿ ಇರುವ ಸರ್ವರ್‌ನಲ್ಲಿ ಇರಬೇಕು. 2022ರ ಆಗಸ್ಟ್‌ನ ತಿದ್ದುಪಡಿಯ ನಂತರ ಅದು ನಿಯತಕಾಲಿಕವಾಗಿ ಎಂಬುದು ಹೋಗಿ ಪ್ರತಿದಿನ ಎಂದಾಗಿದೆ. ಅಂದರೆ ತಮ್ಮ ಇಆರ್‌ಪಿಯ ಬ್ಯಾಕಪ್ ಕ್ಲೌಡ್‌ಗೆ ಹೋಗುವುದಾದರೆ ಆ ಕ್ಲೌಡ್‌ನ ಪ್ರದೇಶ ಮುಂಬೈ, ಹೈದರಾಬಾದ್ ಹೀಗೆ ದೇಶದೊಳಗಿನದೇ ಆಗಿರಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು (ಚಟುವಟಿಕೆಯ ದಾಖಲೆಗಳನ್ನು) 180 ದಿನ ಇಟ್ಟುಕೊಳ್ಳಬೇಕು. ಈ ಲಾಗ್‌ಗಳೂ ಬ್ಯಾಕಪ್‌ಗೆ ಸೇರಿದರೆ ಮೇಡಂ ಹೇಳಿದ 25 ಟಿಬಿ ಇನ್ನೂ ಬೆಳೆಯುತ್ತದೆ.

ತೆರಿಗೆಯ ವಿಷಯ. ಶಾಶ್ವತ ಲೈಸೆನ್ಸ್ ಅನ್ನು ಸಾಮಾನ್ಯವಾಗಿ ಆಸ್ತಿಯಾಗಿ ತೋರಿಸಿ, ಆದಾಯ ತೆರಿಗೆಯ ಲೆಕ್ಕದಲ್ಲಿ ಗಣಕ ತಂತ್ರಾಂಶಕ್ಕೆ ಇರುವ ಶೇ. 40ರ ಸವಕಳಿಯನ್ನು ಪಡೆಯುತ್ತ ಬಂದಿದ್ದೇವೆ. ವಾರ್ಷಿಕ ಚಂದಾ ಆ ವರ್ಷದ ಖರ್ಚಾಗಿ ಹೋಗುತ್ತದೆ. ಆದ್ದರಿಂದ ಎರಡನ್ನೂ ಕೇವಲ ಮೊತ್ತದ ಮೇಲೆ ಹೋಲಿಸಬೇಡಿ, ತೆರಿಗೆಯ ನಂತರದ ಮೊತ್ತವನ್ನು ಹೋಲಿಸಿ. ಶೇ. 18ರ ಜಿಎಸ್‌ಟಿ ಎರಡಕ್ಕೂ ಇದೆ.

ವಿದೇಶೀ ತಂತ್ರಾಂಶ ಕಂಪನಿಗೆ ಕಟ್ಟುವ ಹಣ ರಾಯಧನವೇ (ರಾಯಲ್ಟಿಯೇ) ಎಂಬ ವಿವಾದ ನಮ್ಮ ಊರಿನಿಂದಲೇ ಬೆಳೆದದ್ದು. 2011ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಹೌದು ಎಂದಿತು. 2021ರ ಮಾರ್ಚ್ 2ರಂದು ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಬದಲಿಸಿ, ಅಂತಿಮ ಬಳಕೆದಾರನಿಗೆ ಸಿಗುವುದು ತಂತ್ರಾಂಶವನ್ನು ಬಳಸುವ ಸೀಮಿತ ಹಕ್ಕು ಮಾತ್ರ, ಕೃತಿಸ್ವಾಮ್ಯದ ಯಾವ ಹಕ್ಕೂ ಅಲ್ಲ, ಆದ್ದರಿಂದ ಅದು ರಾಯಧನವಲ್ಲ ಎಂದಿತು. ತೆರಿಗೆಗಾಗಿ ಬಂದ ಈ ತೀರ್ಪು ಈ ಚರ್ಚೆಗೂ ಸಲ್ಲುತ್ತದೆ. ಕೊಳ್ಳುತ್ತಿರುವುದು ಸೀಮಿತ ಬಳಕೆಯ ಹಕ್ಕನ್ನೇ ಆದ್ದರಿಂದ ಆ ಮಿತಿಗಳು ಯಾವುವು ಎಂಬುದನ್ನು ಹಣ ಕಟ್ಟುವ ಮೊದಲೇ ಓದಬೇಕಾಗುತ್ತದೆ. ಆಡಿಟ್ ಷರತ್ತನ್ನು ಅವಶ್ಯವಾಗಿ ಓದಿ: ಎಷ್ಟು ದಿನದ ಮುನ್ಸೂಚನೆ ಕೊಟ್ಟು ಬರುತ್ತಾರೆ, ಹೆಚ್ಚುವರಿ ಬಳಕೆ ಕಂಡರೆ ಯಾವ ದರದಲ್ಲಿ ವಸೂಲು ಮಾಡುತ್ತಾರೆ ಎಂಬುದು ಅಲ್ಲಿರುತ್ತದೆ.

ಪೀಣ್ಯದ ಸದಸ್ಯರು:

ಎಲ್ಲರ ಸಲಹೆಗಳನ್ನೂ ಸೇರಿಸಿ ಮಾರಾಟಗಾರರಿಗೆ ಇಂದು ಒಂದೇ ಪತ್ರ ಕಳಿಸಿದ್ದೇನೆ. ಮೂರೂ ಕೊಟೇಶನ್‌ಗಳನ್ನು ಇಆರ್‌ಪಿ, ವರ್ಚುವಲ್ ಯಂತ್ರ, ನ್ಯಾಸ್, ಡೆಸ್ಕ್‌ಟಾಪ್ ನಾಲ್ಕನ್ನೂ ಒಳಗೊಂಡು ಐದು ವರ್ಷದ ಅವಧಿಗೆ ಮತ್ತೆ ಬರೆದುಕೊಡಿ, ಹೆಚ್ಚುವರಿ ಬಳಕೆಯ ದರವನ್ನು ಈಗಲೇ ನಮೂದಿಸಿ, ಚಂದಾ ಮುಗಿದ ನಂತರ ರಿಸ್ಟೋರ್ ಮಾಡುವ ಹಕ್ಕು ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಒಪ್ಪಂದದ ಕಲಮಿನ ಸಂಖ್ಯೆಯೊಂದಿಗೆ ತಿಳಿಸಿ, ಎರಡನೇ ಸ್ಥಳದಲ್ಲಿ ರಿಸ್ಟೋರ್‌ಗೆ ಬೇರೆ ಲೈಸೆನ್ಸ್ ಬೇಕೇ ಎಂದು ಹೇಳಿ ಎಂದು ಕೇಳಿದ್ದೇನೆ. ಕೆಂಗೇರಿಯವರ ಮತ್ತು ಯಲಹಂಕದ ಮೇಡಂ ಅವರ ಸಲಹೆಯಂತೆ ಡೆಸ್ಕ್‌ಟಾಪ್‌ಗಳಿಗೆ ಮುಕ್ತ ತಂತ್ರಾಂಶವನ್ನು ಪ್ರಯೋಗಕ್ಕೆ ಹಾಕುತ್ತಿದ್ದೇವೆ.

ಉಳಿದದ್ದು ಹಳೆಯ ಟೇಪ್‌ಗಳು. ಎಂಟು ವರ್ಷ ಎಂದರೆ ನಮ್ಮ ಎಲ್‌ಟಿಒ-7 ಟೇಪ್‌ಗಳನ್ನೂ ಹಳೆಯ ತಂತ್ರಾಂಶವನ್ನೂ ಇನ್ನೂ ಕೆಲವು ವರ್ಷ ಇಟ್ಟುಕೊಳ್ಳಬೇಕು. ಹೊಸ ಲೈಬ್ರರಿಗೆ ಎಲ್‌ಟಿಒ-9 ಡ್ರೈವ್ ಸೂಚಿಸಿದ್ದಾರೆ. ಅದರಲ್ಲಿ ಈ ಟೇಪ್‌ಗಳು ಓಡುತ್ತವೆಯೇ?

ಕೋರಮಂಗಲದ ಸದಸ್ಯರು:

ಓಡುವುದಿಲ್ಲ. ಎಲ್‌ಟಿಒ-8 ಡ್ರೈವ್ ಎಲ್‌ಟಿಒ-7 ಟೇಪನ್ನು ಓದುತ್ತದೆ, ಬರೆಯುತ್ತದೆ. ಎಲ್‌ಟಿಒ-9 ಡ್ರೈವ್ ಎಲ್‌ಟಿಒ-8ರವರೆಗೆ ಮಾತ್ರ ಹಿಂದಕ್ಕೆ ಹೋಗುತ್ತದೆ. ಒಂದು ಎಲ್‌ಟಿಒ-9 ಟೇಪಿನಲ್ಲಿ ಸಂಕುಚಿತವಾಗದ 18 ಟಿಬಿ ಹಿಡಿಯುತ್ತದೆ, ಎಲ್‌ಟಿಒ-7ರಲ್ಲಿ 6 ಟಿಬಿ. ಟೇಪ್‌ಗಳ ಬಾರ್‌ಕೋಡ್ ಚೀಟಿಯ ಕೊನೆಯ ಎರಡು ಅಕ್ಷರಗಳನ್ನು ಒಮ್ಮೆ ನೋಡಿಕೊಳ್ಳಿ. ಎಲ್7 ಎಂದಿದ್ದರೆ ಸಾಮಾನ್ಯ ಎಲ್‌ಟಿಒ-7. ಎಂ8 ಎಂದಿದ್ದರೆ ಅದು ಎಲ್‌ಟಿಒ-7 ಟೇಪನ್ನೇ 9 ಟಿಬಿಗೆ ಸಿದ್ಧಪಡಿಸಿದ್ದು. ಅದನ್ನು ಎಲ್‌ಟಿಒ-8 ಡ್ರೈವ್ ಬಿಟ್ಟು ಬೇರಾವುದೂ ಓದುವುದಿಲ್ಲ.

ತಮಗೆ ಎರಡು ದಾರಿಗಳಿವೆ. ಈಗಿನ ಡ್ರೈವ್ ಒಂದನ್ನು, ಶಾಶ್ವತ ಲೈಸೆನ್ಸ್ ಇರುವ ಹಳೆಯ ಬ್ಯಾಕಪ್ ಸರ್ವರ್ ಮತ್ತು ಅದರ ಕ್ಯಾಟಲಾಗ್ ಸಹಿತ, ಕೊನೆಯ ಟೇಪಿನ ಅವಧಿ ಮುಗಿಯುವವರೆಗೆ ಕಾಪಾಡಿಕೊಳ್ಳುವುದು ಒಂದು. ಲೆಕ್ಕಪತ್ರಕ್ಕೆ ಸಂಬಂಧಿಸಿದ ದತ್ತಾಂಶವನ್ನು ಮಾತ್ರ ಈಗಲೇ ಡಿಸ್ಕ್‌ಗೆ ರಿಸ್ಟೋರ್ ಮಾಡಿ, ಹೊಸ ತಂತ್ರಾಂಶದ ಮೂಲಕ ಹೊಸ ಟೇಪ್‌ಗೆ ಬರೆಯುವುದು ಇನ್ನೊಂದು. ನಾನಾದರೆ ಎರಡನೆಯದನ್ನು ಮಾಡಿ, ಅದು ಮುಗಿದು ಪರಿಶೀಲನೆಯಾಗುವವರೆಗೆ ಮೊದಲನೆಯದನ್ನೂ ಉಳಿಸಿಕೊಳ್ಳುತ್ತೇನೆ. ಹಳೆಯ ಲೈಬ್ರರಿಯನ್ನು ಬೈ-ಬ್ಯಾಕ್‌ಗೆ ಕೊಡುವ ಸಾಲು ಹೊಸ ಕೊಟೇಶನ್‌ನಲ್ಲಿ ಇದ್ದರೆ ಅದನ್ನು ಸದ್ಯಕ್ಕೆ ತೆಗೆಸಿ. ಡ್ರೈವ್ ಅವರ ಕೈ ಸೇರಿದ ಮೇಲೆ ಆ ಟೇಪ್‌ಗಳನ್ನು ಓದಲು ತಮ್ಮ ಬಳಿ ಬೇರೆ ಸಾಧನವಿರುವುದಿಲ್ಲ.